ಹಳಿ ನೋಡುವ ಹಳದಿ ಡಾಕ್ಟರು

ಟೋಕಿಯೊ ಸ್ಟೇಷನ್ನಿನ ಶಿಂಕಾನ್‌ಸೆನ್ ಪ್ಲಾಟ್‌ಫಾರ್ಮಿನಲ್ಲಿ ನಿಂತವರೆಲ್ಲ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಮೊಬೈಲ್ ಎತ್ತಿ ಹಿಡಿಯುವುದುಂಟು. ಬರುತ್ತಿರುವುದು ಅವರು ಹತ್ತಬೇಕಾದ ಬಿಳಿಯ ಬುಲೆಟ್ ರೈಲಲ್ಲ, ಏಳು ಬೋಗಿಗಳ ಅಚ್ಚ ಹಳದಿ ರೈಲು. ಹಳಿಯ ತಪಾಸಣೆಯೇ ಅದರ ಕೆಲಸ, ಅದಕ್ಕೆ ಟಿಕೆಟ್ ಇಲ್ಲ. ವೇಳಾಪಟ್ಟಿಯನ್ನು ಯಾರಿಗೂ ಹೇಳುವುದಿಲ್ಲ. ಸುಮಾರು ಹತ್ತು ದಿನಕ್ಕೊಮ್ಮೆ ಟೋಕಿಯೊದಿಂದ ಹಕಾಟಾವರೆಗೆ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಬರುತ್ತದೆ. ಕಣ್ಣಿಗೆ ಬಿದ್ದರೆ ಅದೃಷ್ಟ ಎಂಬ ನಂಬಿಕೆ ಹುಟ್ಟಿದ್ದು ಇದರಿಂದಲೇ. ಜನ ಇಟ್ಟ ಹೆಸರು ಡಾಕ್ಟರ್ ಯೆಲ್ಲೊ. ಅದರ ಆಟಿಕೆಗಳಿವೆ, ಅದನ್ನು ಕುರಿತ ಮಕ್ಕಳ ಪುಸ್ತಕಗಳಿವೆ. ತಪಾಸಣೆಗೆ ಬಂದವರನ್ನು ಕಂಡು ಊರೇ ಖುಷಿಪಡುವ ಇನ್ನೊಂದು ಉದಾಹರಣೆ ನನಗಂತೂ ತಿಳಿಯದು.

ಹಳಿ ನೋಡಲು ರೈಲೇ ಏಕೆ ಬೇಕು, ಮನುಷ್ಯ ನಡೆದು ನೋಡಿದರೆ ಸಾಲದೇ? ಸಾಲದು. ಸ್ಲೀಪರಿನ ಕೆಳಗಿನ ಜಲ್ಲಿ ಸಡಿಲಾಗಿ ಟೊಳ್ಳು ಬಿದ್ದಿದ್ದರೂ ಖಾಲಿ ಹಳಿ ಮಟ್ಟಸವಾಗಿಯೇ ಕಾಣುತ್ತದೆ. ಮೇಲೆ ಟನ್‌ಗಟ್ಟಲೆ ಭಾರದ ಚಕ್ರ ಬಂದಾಗ ಮಾತ್ರ ಅದು ಕುಸಿಯುತ್ತದೆ. ಚಕ್ರ ದಾಟಿದೊಡನೆ ಮತ್ತೆ ಎದ್ದು ಏನೂ ಆಗಿಲ್ಲವೆಂಬಂತೆ ನಿಲ್ಲುತ್ತದೆ. ಆ ಕುಸಿತವನ್ನು ಹಿಡಿಯಬೇಕಾದರೆ ಭಾರದ ಜೊತೆಯಲ್ಲೇ ಸಾಗುತ್ತ ಅಳೆಯಬೇಕು. ಡಾಕ್ಟರ್ ಯೆಲ್ಲೊ ಅಳೆಯುವುದು ಗಂಟೆಗೆ 270 ಕಿ.ಮೀ. ವೇಗದಲ್ಲಿ.

ಅಳತೆಯ ಮೂಲ ಉಪಾಯ ಬಹಳ ಹಳೆಯದು. ತಿರುವಿನ ಹಳಿಗೆ ಎರಡು ಕಡೆ ದಾರವನ್ನು ಬಿಗಿಯಾಗಿ ಹಿಡಿದು, ನಡುಮಧ್ಯದಲ್ಲಿ ದಾರಕ್ಕೂ ಹಳಿಗೂ ಎಷ್ಟು ಅಂತರವಿದೆಯೆಂದು ಅಳೆಯುವುದು. ಆ ಅಂತರಕ್ಕೆ ವರ್ಸೈನ್ ಎನ್ನುತ್ತಾರೆ. ನಮ್ಮ ರೈಲ್ವೆಯ ಗ್ಯಾಂಗಿನವರು ಇಂದಿಗೂ 20 ಮೀಟರ್ ದಾರ ಹಿಡಿದು, ಹತ್ತು ಹತ್ತು ಮೀಟರಿಗೆ ಇದನ್ನು ಗುರುತು ಹಾಕಿಕೊಳ್ಳುತ್ತಾರೆ. ಹಳದಿ ರೈಲಿನ ನಾಲ್ಕನೇ ಬೋಗಿಯಲ್ಲಿ ದಾರದ ಜಾಗಕ್ಕೆ ಲೇಸರ್ ಬಂದಿದೆ, ಅಷ್ಟೇ. ಎರಡು ಹಳಿಗಳ ನಡುವಿನ ಅಂತರ, ಒಂದಕ್ಕಿಂತ ಇನ್ನೊಂದು ಎಷ್ಟು ಎತ್ತರ, ಹಳಿ ಎಲ್ಲಿ ಅಡ್ಡಕ್ಕೆ ಸರಿದಿದೆ, ಎಲ್ಲಿ ತಿರುಚಿಕೊಂಡಿದೆ ಎಲ್ಲವೂ ಓಡುತ್ತಲೇ ದಾಖಲಾಗುತ್ತವೆ. ಇವುಗಳಲ್ಲಿ ತಿರುಚುವಿಕೆಯೇ ಹೆಚ್ಚು ಅಪಾಯದ್ದು. ಒಂದೇ ಬೋಗಿಯ ನಾಲ್ಕು ಮೂಲೆಗಳು ಬೇರೆ ಬೇರೆ ಮಟ್ಟಕ್ಕೆ ಬಂದರೆ ಒಂದು ಚಕ್ರದ ಮೇಲಿನ ಭಾರ ಹಗುರಾಗಿ, ಅದು ಹಳಿ ಏರಿಬಿಡಬಹುದು.

ತಲೆಯ ಮೇಲಿನ ತಂತಿಯೂ ಈ ಡಾಕ್ಟರರ ಪಾಲಿಗೇ ಸೇರಿದ್ದು. ಚಾವಣಿಯಲ್ಲಿ ಗಾಜಿನ ಗೂಡುಗಳಿವೆ. ಒಳಗೆ ಕೂತವರಿಗೆ ತಂತಿ ಮತ್ತು ಅದರಿಂದ ವಿದ್ಯುತ್ ಪಡೆಯುವ ಪ್ಯಾಂಟೊಗ್ರಾಫ್ ಒಂದಕ್ಕೊಂದು ಉಜ್ಜುವುದು ನೇರವಾಗಿ ಕಾಣುತ್ತದೆ. ತಂತಿ ಎಷ್ಟು ಸವೆದಿದೆಯೆಂಬುದನ್ನೂ, ಹಳಿಯಲ್ಲಿ ಹರಿಯುವ ಸಿಗ್ನಲ್ ವಿದ್ಯುತ್ತನ್ನೂ ಯಂತ್ರಗಳು ಪರೀಕ್ಷಿಸುತ್ತವೆ. 1964ರಲ್ಲಿ ಶಿಂಕಾನ್‌ಸೆನ್ ಶುರುವಾದಾಗ ಹಳಿಗೊಂದು, ವಿದ್ಯುತ್ತಿಗೊಂದು ಎಂದು ಬೇರೆ ಬೇರೆ ಗಾಡಿಗಳಿದ್ದವು. 1974ರಲ್ಲಿ ಎರಡನ್ನೂ ಒಂದೇ ರೈಲಿಗೆ ಸೇರಿಸಿದರು.

ಇಷ್ಟೆಲ್ಲ ಮಾಡಿದರೂ ಹಳಿಯ ಹೊಟ್ಟೆಯೊಳಗಿನ ಬಿರುಕು ಸಿಗುವುದಿಲ್ಲ. ಅದಕ್ಕೆ ಬೇರೆಯದೇ ವಿದ್ಯೆ ಬೇಕು. 1911ರಲ್ಲಿ ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಎಂಬಲ್ಲಿ ಹಳಿ ಮುರಿದು 29 ಜನ ಸತ್ತರು. ಬಿರುಕು ಉಕ್ಕಿನ ಒಳಗೇ ಬೆಳೆದಿತ್ತು, ಹೊರಗಿನಿಂದ ನೋಡಿದವರಿಗೆ ಕಾಣುವಂಥದ್ದಲ್ಲ. ಹಡಗುಗಳ ಗೈರೊ ದಿಕ್ಸೂಚಿಗೆ ಹೆಸರಾದ ಎಲ್ಮರ್ ಸ್ಪೆರ್ರಿ ಇದಕ್ಕೆ ಕೈಹಾಕಿ, 1928ರಲ್ಲಿ ಹಳಿಗೆ ಭಾರಿ ವಿದ್ಯುತ್ ಹರಿಸುತ್ತ ಸಾಗುವ ಗಾಡಿ ಕಟ್ಟಿದರು. ಬಿರುಕಿದ್ದಲ್ಲಿ ವಿದ್ಯುತ್ ಸುತ್ತಿ ಬಳಸಿ ಹೋಗಬೇಕಾಗುತ್ತದೆ, ಸುತ್ತಲಿನ ಕಾಂತಕ್ಷೇತ್ರ ಬದಲಾಗುತ್ತದೆ. ಗಾಡಿ ಆ ಜಾಗಕ್ಕೆ ಬಣ್ಣ ಎರಚಿ ಮುಂದೆ ಹೋಗುತ್ತದೆ. ಈಗ ಈ ಕೆಲಸ ಹೆಚ್ಚಾಗಿ ಶ್ರವಣಾತೀತ ತರಂಗಗಳದ್ದು. ನಮ್ಮಲ್ಲಿ ಹಳಿಯ ಮೇಲೆ ಪುಟ್ಟ ಯಂತ್ರವನ್ನು ತಳ್ಳಿಕೊಂಡು, ನೀರು ಹನಿಸುತ್ತ ನಡೆಯುವವರನ್ನು ನೀವು ಕಂಡಿರಬಹುದು. ಯಂತ್ರಕ್ಕೂ ಉಕ್ಕಿಗೂ ನಡುವೆ ಗಾಳಿ ಉಳಿದರೆ ತರಂಗ ಒಳಹೋಗದು, ನೀರು ಅದಕ್ಕಾಗಿ.

ಬ್ರಿಟನ್ನಿನಲ್ಲೂ ಹಳಿ ಅಳೆಯುವ ಹಳದಿ ರೈಲೊಂದಿದೆ, ಅದಕ್ಕೆ 'ಫ್ಲೈಯಿಂಗ್ ಬನಾನಾ' ಎಂದು ಅಡ್ಡಹೆಸರು. ಗಂಟೆಗೆ 200 ಕಿ.ಮೀ. ಓಡುವ ಹಳೆಯ ಎಕ್ಸ್‌ಪ್ರೆಸ್ಸನ್ನು ಮಾರ್ಪಡಿಸಿ 2003ರಲ್ಲಿ ಅದನ್ನು ಇಳಿಸಿದರು. ಅದರ ಹಿಂದೆ 2000ದ ಅಕ್ಟೋಬರ್ 17ರ ಹ್ಯಾಟ್‌ಫೀಲ್ಡ್ ಅಪಘಾತದ ನೆರಳಿದೆ. ಲಂಡನ್ನಿನಿಂದ ಲೀಡ್ಸ್‌ಗೆ ಹೊರಟಿದ್ದ ರೈಲಿನ ಕೆಳಗೆ ಹಳಿ ಮುನ್ನೂರಕ್ಕೂ ಹೆಚ್ಚು ಚೂರಾಗಿ ನಾಲ್ವರು ಸತ್ತರು. ಹಳಿಯ ಒಳ ಅಂಚಿನಲ್ಲಿ ಕೂದಲೆಳೆ ಬಿರುಕುಗಳು ಮೂಡಿದ್ದವು. ಮನಸ್ಸಿಗೆ ಚುಚ್ಚುವ ಸಂಗತಿ ಬೇರೆ ಇದೆ. ಆ ಬಿರುಕು ಮೊದಲೇ ಗೊತ್ತಿತ್ತು, ಬದಲಿ ಹಳಿಯೂ ಸಿದ್ಧವಿತ್ತು. ಹಾಕುವ ಕೆಲಸ ಮಾತ್ರ ಆಗಿರಲಿಲ್ಲ.

ಅಳೆದರೆ ಸಾಲದು, ಸರಿಪಡಿಸಬೇಕು. ಜಪಾನಿನ ನಿಜವಾದ ಬಲವೂ ಹಳದಿ ರೈಲಲ್ಲಿಲ್ಲ, ರಾತ್ರಿಯಲ್ಲಿದೆ. ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಶಿಂಕಾನ್‌ಸೆನ್ ಓಡುವುದೇ ಇಲ್ಲ. ಹಗಲು ಡಾಕ್ಟರು ಬರೆದ ಚೀಟಿಗೆ ರಾತ್ರಿ ಕೆಲಸಗಾರರು ಮದ್ದು ಮಾಡುತ್ತಾರೆ. ಬೆಳಗಿನ ಮೊದಲ ರೈಲಿಗೂ ಮುನ್ನ ಇನ್ನೊಂದು ಗಾಡಿ ಓಡಿ, ಹಳಿಯ ಮೇಲೆ ಯಾರೂ ಹಾರೆ–ಗುದ್ದಲಿ ಮರೆತಿಲ್ಲವೆಂದು ನೋಡುತ್ತದೆ. ಡಾಕ್ಟರಿಗೆ ವಯಸ್ಸಾದಾಗ ಜಪಾನೀಯರಿಗೆ ಹೆಚ್ಚು ಆತಂಕವಾಗದಿರಲು ಕಾರಣವೂ ಈ ಶಿಸ್ತೇ. ಇದ್ದ ಎರಡು ಹಳದಿ ರೈಲುಗಳಲ್ಲಿ ಒಂದು 2025ರ ಜನವರಿಯಲ್ಲಿ ನಿವೃತ್ತಿಯಾಯಿತು. ಇನ್ನೊಂದಕ್ಕೂ 2027ರ ನಂತರ ವಿಶ್ರಾಂತಿ ಎಂದು ತೀರ್ಮಾನವಾಗಿದೆ. ಮುಂದೆ ಪ್ರಯಾಣಿಕರನ್ನು ಹೊತ್ತ ಎನ್700ಎಸ್ ರೈಲುಗಳೇ ಓಡುತ್ತ ಅಳೆಯಲಿವೆ. ಅಭಿಮಾನಿಗಳಿಗೆ ಬೇಸರ, ಹಳಿಗೆ ಲಾಭ.

ನಮ್ಮಲ್ಲೂ ಟ್ರ್ಯಾಕ್ ರೆಕಾರ್ಡಿಂಗ್ ಕಾರ್‌ಗಳಿವೆ. ಲಖನೌನಲ್ಲಿರುವ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಅವುಗಳ ಹೊಣೆ ಹೊತ್ತಿದೆ. ಲೇಸರ್, ಕ್ಯಾಮೆರಾ ಎಲ್ಲ ಬಂದಿವೆ. ಹಾಗೆಂದು ಹಳಿಯುದ್ದಕ್ಕೂ ನಡೆದು ನೋಡುವ ಕೀಮ್ಯಾನ್ ಮನೆಗೆ ಹೋಗುವಂತಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ನಿನ್ನೆ ಅಳೆದು ಹೋದ ರೈಲಿಗೆ ಇವತ್ತಿನ ಮಳೆಯಲ್ಲಿ ಹಳಿಗೆ ಉರುಳಿದ ಬಂಡೆ ಕಾಣುವುದು ಹೇಗೆ? ಅಲ್ಲಿ ರಾತ್ರಿ ಟಾರ್ಚ್ ಹಿಡಿದು ನಡೆಯುವವನೇ ಬೇಕು.

ಆದರೆ ಅಳೆಯುವುದರಲ್ಲೂ ನಾವು ಹಿಂದೆ ಬಿದ್ದಿದ್ದೆವು. ಹಳಿ ತಪ್ಪುವ ಅಪಘಾತಗಳ ಬಗ್ಗೆ ಮಹಾಲೇಖಪಾಲರು 2022ರಲ್ಲಿ ಕೊಟ್ಟ ವರದಿಯ ಪ್ರಕಾರ, ರೆಕಾರ್ಡಿಂಗ್ ಕಾರ್‌ಗಳು ನಡೆಸಬೇಕಿದ್ದ ತಪಾಸಣೆಯಲ್ಲಿ ಶೇ 30ರಿಂದ 100ರವರೆಗೆ ಕೊರತೆಯಿತ್ತು. ಹಳಿ ಸರಿಪಡಿಸುವ ಯಂತ್ರಗಳು ಸುಮ್ಮನೆ ನಿಂತದ್ದಕ್ಕೂ ಆ ವರದಿ ಕಾರಣ ಪಟ್ಟಿ ಮಾಡಿದೆ. ಸಿಬ್ಬಂದಿಯ ಕೊರತೆ ಶೇ 5 ಮಾತ್ರ. ಬ್ಲಾಕ್, ಅಂದರೆ ಒಂದಷ್ಟು ಹೊತ್ತು ರೈಲು ನಿಲ್ಲಿಸಿ ಹಳಿಯನ್ನು ಕೆಲಸಕ್ಕೆ ಬಿಟ್ಟುಕೊಡುವುದು, ಸಿಗದೆ ಹೋದದ್ದು ಶೇ 32. ಅದನ್ನು ಯೋಜಿಸದೆಯೇ ಇದ್ದದ್ದು ಶೇ 30. ಹಗಲೂ ರಾತ್ರಿ ರೈಲು ಓಡುವ ನಮ್ಮ ದಾರಿಗಳಲ್ಲಿ ಆ ಹೊತ್ತನ್ನು ಕೊಡುವುದೆಂದರೆ ಕೆಲವು ರೈಲು ತಡವಾಗುತ್ತವೆ. ಮುಂದಿನ ಸಲ ನಿಮ್ಮ ರೈಲನ್ನು 'ಟ್ರ್ಯಾಕ್ ಕೆಲಸ'ಕ್ಕೆಂದು ಅರ್ಧ ಗಂಟೆ ನಿಲ್ಲಿಸಿದರೆ ದಯವಿಟ್ಟು ಸ್ಟೇಷನ್ ಮಾಸ್ಟರನ್ನು ಬೈಯಬೇಡಿ.