ಡಬ್ಲಿನ್ ಕೊಲ್ಲಿಯಲ್ಲಿ ಕ್ರಿಸ್‌ಮಸ್ ಮುಳುಗು

ಡಿಸೆಂಬರ್ 25ರಂದು ಡಬ್ಲಿನ್‌ನಲ್ಲಿ ರೈಲು ಓಡುವುದಿಲ್ಲ. ಅಂಗಡಿಗಳು ಬಾಗಿಲು ಹಾಕಿರುತ್ತವೆ. ಸೂರ್ಯ ಹುಟ್ಟುವುದೇ ಎಂಟೂವರೆಯ ಮೇಲೆ. ಅಂಥ ಬೆಳಿಗ್ಗೆ ಊರಿನ ದಕ್ಷಿಣಕ್ಕಿರುವ ಸ್ಯಾಂಡಿಕೋವ್‌ನ ದಾರಿಯಲ್ಲಿ ಮಾತ್ರ ಜನವೋ ಜನ. ಅಜ್ಜಿಯರು, ಕಾಲೇಜು ಹುಡುಗರು, ಸಾಂತಾ ಟೋಪಿ ಹಾಕಿಕೊಂಡ ಅಪ್ಪಂದಿರು, ಎಲ್ಲರ ಹೆಗಲ ಮೇಲೂ ಟವೆಲ್. ಹೊರಟಿರುವುದು ಬಂಡೆಗಳ ನಡುವಿನ ‘ಫಾರ್ಟಿ ಫುಟ್’ ಎಂಬ ಈಜುತಾಣಕ್ಕೆ.

ತೀರ್ಥಹಳ್ಳಿಯಿಂದ ನರ್ಸ್ ಕೆಲಸಕ್ಕೆ ಬಂದ ನಾನೂ ಈಗ ಆ ಗುಂಪಿನವಳು. “ಎಂತ ಹುಚ್ಚು ಮಾರಾಯ್ತಿ ನಿಂದು, ಆ ಚಳೀಲಿ ಸಮುದ್ರಕ್ಕೆ ಇಳಿಯೂದಾ?” ಎಂದು ಅಮ್ಮ ಫೋನಿನಲ್ಲೇ ಬೈದಳು. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ನಸುಕಿಗೇ ತುಂಗೆಯಲ್ಲಿ ಮುಳುಗು ಹಾಕುವವರನ್ನು ಅವಳು ಯಾವತ್ತೂ ಹುಚ್ಚರು ಅಂದವಳಲ್ಲ. ಅದನ್ನು ನೆನಪಿಸಿದೆ. “ಅದು ಪುಣ್ಯಕ್ಕೆ ಕಣೇ” ಅಂದಳು. ಇದೂ ಪುಣ್ಯಕ್ಕೇ ಅಮ್ಮಾ, ಎಂದು ಈ ಮುಳುಗಿನ ನೆಪದಲ್ಲಿ ದಾನಕ್ಕೆ ದುಡ್ಡು ಕೂಡಿಸುವ ವಿಷಯ ಹೇಳಿದ ಮೇಲೆ ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಫಾರ್ಟಿ ಫುಟ್‌ನಲ್ಲಿ ಜನ ಇನ್ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಈಜುತ್ತಿದ್ದಾರೆ. ಪಕ್ಕದಲ್ಲೇ ಇರುವ ದುಂಡನೆಯ ಕಲ್ಲಿನ ಗೋಪುರದಲ್ಲಿ 1904ರಲ್ಲಿ ಜೇಮ್ಸ್ ಜಾಯ್ಸ್ ಕೆಲವು ದಿನ ತಂಗಿದ್ದ. ಅವನ ‘ಯುಲಿಸಿಸ್’ ಶುರುವಾಗುವುದೇ ಅಲ್ಲಿ. ಆದರೆ ಬಹುಕಾಲ ಈ ನೀರು ಗಂಡಸರಿಗೆ ಮಾತ್ರ ಮೀಸಲಾಗಿತ್ತು. 1974ರಲ್ಲಿ ಒಂದಷ್ಟು ಹೆಂಗಸರು ಪ್ರತಿಭಟಿಸಿ ನೀರಿಗಿಳಿದರು. ಇವತ್ತು ನಾನು ಆ ಮೆಟ್ಟಿಲು ಇಳಿಯುವುದು ಅವರ ದಯೆಯಿಂದ.

ನಮ್ಮ ವಾರ್ಡಿನ ಗೆಳತಿಯರ ಗುಂಪು ದುಡ್ಡು ಕೂಡಿಸುವುದು ಆರ್‌ಎನ್‌ಎಲ್‌ಐಗೆ. 1824ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಬ್ರಿಟನ್ ಮತ್ತು ಐರ್ಲೆಂಡಿನ ಕರಾವಳಿಯಲ್ಲಿ ಜೀವರಕ್ಷಕ ದೋಣಿಗಳನ್ನು ನಡೆಸುತ್ತದೆ. ದೋಣಿ ಹತ್ತುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಖರ್ಚಿನ ಬಹುಪಾಲು ನಡೆಯುವುದು ಜನ ಕೊಟ್ಟ ದುಡ್ಡಿನಲ್ಲಿ.

ಇದನ್ನೇ ಆರಿಸಿಕೊಳ್ಳಲು ಕಾರಣ ಈ ಕಡಲೇ. 1895ರ ಡಿಸೆಂಬರ್ 24ರಂದು, ಕ್ರಿಸ್‌ಮಸ್‌ನ ಹಿಂದಿನ ದಿನ, ಬಿರುಗಾಳಿಗೆ ಸಿಕ್ಕಿ ‘ಪಾಲ್ಮೆ’ ಎಂಬ ಹಡಗು ಡಬ್ಲಿನ್ ಕೊಲ್ಲಿಯಲ್ಲಿ ನೆಲ ಕಚ್ಚಿತು. ಪಕ್ಕದ ಡನ್ ಲೀರಿ ಬಂದರಿನಿಂದ (ಆಗ ಅದರ ಹೆಸರು ಕಿಂಗ್ಸ್‌ಟೌನ್) ಜೀವರಕ್ಷಕ ದೋಣಿ ಹೊರಟಿತು. ಅಲೆಗಳ ಹೊಡೆತಕ್ಕೆ ಅದು ಮಗುಚಿತು. ಅದರಲ್ಲಿದ್ದ 15 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಹಡಗಿನಲ್ಲಿದ್ದವರನ್ನು ಎರಡು ದಿನದ ಮೇಲೆ ಇನ್ನೊಂದು ಹಡಗು ಕಾಪಾಡಿತು. ಈಗಲೂ ಪ್ರತಿ ಡಿಸೆಂಬರ್ 24ರಂದು ಡನ್ ಲೀರಿಯಲ್ಲಿ ಜನ ಸೇರಿ ಆ ಹದಿನೈದು ಮಂದಿಯನ್ನು ನೆನೆಯುತ್ತಾರೆ. ಮಾರನೆಯ ಬೆಳಿಗ್ಗೆ ಅದೇ ಕೊಲ್ಲಿಗೆ ನಾವು ನಗುತ್ತ ಇಳಿಯುತ್ತೇವೆ. ಅಂಥ ನೀರಿನಿಂದ ಎದ್ದು ಬಂದವರು ಕೊಡುವ ದುಡ್ಡು ದೋಣಿಯವರಿಗೆ ಸಲ್ಲಬೇಕೆಂಬುದು ನನ್ನ ಹಟ. ಸೂರಿಲ್ಲದವರಿಗೆ, ಕ್ಯಾನ್ಸರ್ ರೋಗಿಗಳಿಗೆ ಕೂಡಿಸುವ ಗುಂಪುಗಳೂ ಅಲ್ಲಿರುತ್ತವೆ. ಅವರ ಡಬ್ಬಿಗೂ ಒಂದಿಷ್ಟು ಹಾಕಿಯೇ ಬರುತ್ತೇನೆ.

ನಿಜವಾದ ದುಡಿಮೆ ನೀರಿನಾಚೆಗೇ. ನವೆಂಬರಿನಿಂದಲೇ “ನಾನು ಇಳಿಯುತ್ತೇನೆ, ನೀವೆಷ್ಟು ಕೊಡುತ್ತೀರಿ?” ಎಂದು ಕೇಳುತ್ತ ತಿರುಗಬೇಕು. ಬೀದಿಯಲ್ಲಿ ಡಬ್ಬಿ ಹಿಡಿಯಲು ಪೊಲೀಸರ ಪರವಾನಗಿ ಬೇಕು. ಒಬ್ಬರು ವರ್ಷದಲ್ಲಿ 250 ಯೂರೋ ಅಥವಾ ಅದಕ್ಕೂ ಹೆಚ್ಚು ಕೊಟ್ಟರೆ, ಅವರು ಕಟ್ಟಿದ ತೆರಿಗೆಯ ಒಂದು ಪಾಲನ್ನು ಅರ್ಹ ಸಂಸ್ಥೆ ಸರ್ಕಾರದಿಂದ ಪಡೆಯಬಹುದು. ಹೀಗಾಗಿ ಇನ್ನೂರು ಕೊಡುವವರನ್ನು ಇನ್ನೂರೈವತ್ತಕ್ಕೆ ಒಪ್ಪಿಸುವುದು ನನಗೆ ಈಜಿನಷ್ಟೇ ಮುಖ್ಯ.

ಇನ್ನು ನೀರಿನ ಮಾತು. ಡಿಸೆಂಬರಿನಲ್ಲಿ ಇಲ್ಲಿ ಸಮುದ್ರ ಸುಮಾರು 9–10 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಷ್ಟೇ ತಣ್ಣನೆಯ ಗಾಳಿಗಿಂತ ನೀರು ಮೈಯ ಬಿಸಿಯನ್ನು ಎಷ್ಟೋ ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಮೊದಲ ಅಪಾಯ ಮೈ ತಣ್ಣಗಾಗುವುದಲ್ಲ, ಉಸಿರು. ಎದೆ ನೀರಿಗೆ ತಾಗಿದ ಕ್ಷಣ ನಾವು ಬೇಡವೆಂದರೂ ಉಸಿರು ಒಳಕ್ಕೆ ಎಳೆಯುತ್ತದೆ, ಏದುಸಿರು ಬರುತ್ತದೆ, ಎದೆಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ಆ ಹೊತ್ತಿಗೆ ತಲೆ ನೀರಿನೊಳಗಿದ್ದರೆ ಗುಟುಕು ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ಅದಕ್ಕೇ ಬಂಡೆಯಿಂದ ಹಾರಬಾರದು. ಕಂಬಿ ಹಿಡಿದು ಮೆಟ್ಟಿಲಿಳಿಯಬೇಕು. ಒಂದೆರಡು ನಿಮಿಷ ತೇಲಿಕೊಂಡಿದ್ದರೆ ಉಸಿರು ಹತೋಟಿಗೆ ಬರುತ್ತದೆ. ಹೆಚ್ಚು ಹೊತ್ತಾದರೆ ಬೆರಳು, ತೋಳುಗಳ ಶಕ್ತಿ ಕುಗ್ಗುತ್ತದೆ. ಚೆನ್ನಾಗಿ ಈಜುವವರೂ ದಡ ಮುಟ್ಟಲಾರದೆ ಹೋಗುವುದು ಹೀಗೆ.

ಹೊರಗೆ ಬಂದ ಮೇಲೂ ಎಚ್ಚರ ತಪ್ಪಬಾರದು. ಮೈಯ ಒಳಗಿನ ಉಷ್ಣತೆ ಇನ್ನೂ ಕೆಲ ನಿಮಿಷ ಇಳಿಯುತ್ತಲೇ ಇರುತ್ತದೆ. ಒದ್ದೆ ಬಟ್ಟೆ ಕಳಚಿ, ಒರೆಸಿಕೊಂಡು, ಒಂದರ ಮೇಲೊಂದು ಬೆಚ್ಚನೆಯ ಬಟ್ಟೆ ಹಾಕಿ, ಟೋಪಿ ಧರಿಸಿ, ಸಕ್ಕರೆ ಹಾಕಿದ ಬಿಸಿ ಚಹಾ ಕುಡಿಯಬೇಕು. ಬಿಸಿನೀರಿನ ಷವರ್ ತಕ್ಷಣ ಬೇಡ, ತಲೆಸುತ್ತಿ ಬೀಳಬಹುದು. ಮದ್ಯವಂತೂ ಮುಂಚೆಯೂ ಬೇಡ, ಆಮೇಲೂ ಬೇಡ. ನಡುಗಿದರೆ ನಡುಗಲಿ, ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಿದೆ. ನಡುಕ ನಿಲ್ಲುವವರೆಗೂ ಕಾರು ಓಡಿಸಬಾರದು.

ಐರ್ಲೆಂಡಿಗೆ ಓದಲು, ದುಡಿಯಲು ಬಂದಿರುವ ಕನ್ನಡದ ಹುಡುಗ ಹುಡುಗಿಯರಿಗೆ ಒಂದು ಮಾತು. ಬರಬೇಕೆನಿಸಿದರೆ ಬನ್ನಿ, ಒಬ್ಬರೇ ಮಾತ್ರ ಬರಬೇಡಿ. ಸೆಪ್ಟೆಂಬರಿನಿಂದಲೇ ಸ್ವಲ್ಪ ಸ್ವಲ್ಪ ಇಳಿದು ಮೈಗೆ ರೂಢಿ ಮಾಡಿಸಿ. ಹೃದಯದ ತೊಂದರೆ, ರಕ್ತದೊತ್ತಡ, ಆಸ್ತಮಾ ಇರುವವರು ವೈದ್ಯರನ್ನು ಕೇಳದೆ ಇಳಿಯಬೇಡಿ. ಅಲೆ ಜೋರಾಗಿದ್ದರೆ ಆ ವರ್ಷ ಬಿಟ್ಟುಬಿಡಿ. ದುಡ್ಡು ಕೊಡುತ್ತೇನೆಂದವರು ಕೊಟ್ಟೇ ಕೊಡುತ್ತಾರೆ. ಈಜು ಬಾರದವರು ದಡದಲ್ಲಿ ಟವೆಲ್, ಫ್ಲಾಸ್ಕ್ ಹಿಡಿದು ನಿಲ್ಲಿ. ಆ ಕೆಲಸಕ್ಕೆ ನಮ್ಮ ಗುಂಪಿನಲ್ಲಿ ಯಾವಾಗಲೂ ಜನ ಕಡಿಮೆ.