ಥೈರಾಯ್ಡ್‌ಗೆ ವಿಕಿರಣಶೀಲ ಅಯೋಡಿನ್: ಮನೆಗೆ ಬಂದ ಮೇಲೆ ಏನೇನು ಜಾಗ್ರತೆ ಬೇಕು?

ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದ್ದರೆ ಅಥವಾ ಅಲ್ಲಿ ಕ್ಯಾನ್ಸರ್ ಇದ್ದರೆ, ಕೆಲವರಿಗೆ ವೈದ್ಯರು ವಿಕಿರಣಶೀಲ ಅಯೋಡಿನ್ ಕೊಡುತ್ತಾರೆ. ಕ್ಯಾಪ್ಸೂಲ್ ನುಂಗುವುದು ಅಥವಾ ನೀರಿನಂತಹ ದ್ರಾವಣ ಕುಡಿಯುವುದು, ಚಿಕಿತ್ಸೆ ಎಂದರೆ ಅಷ್ಟೇ. ಆದರೆ 'ಆಮೇಲೆ ಕೆಲವು ದಿನ ಮಕ್ಕಳಿಂದ ದೂರ ಇರಿ' ಎಂದು ಕೇಳಿದಾಗ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಹೆದರಿ ಚಿಕಿತ್ಸೆಯನ್ನೇ ಮುಂದೂಡುವವರಿದ್ದಾರೆ. ಏನೂ ಆಗುವುದಿಲ್ಲ ಎಂದು ಸೂಚನೆಗಳನ್ನು ಕಡೆಗಣಿಸುವವರೂ ಇದ್ದಾರೆ. ಎರಡೂ ತಪ್ಪು. ಈ ಎಚ್ಚರಿಕೆಗಳ ಹಿಂದಿನ ಕಾರಣ ತಿಳಿದರೆ ಪಾಲಿಸುವುದು ಸುಲಭ.

ಎಕ್ಸ್‌ರೇಗೂ ಇದಕ್ಕೂ ಏನು ವ್ಯತ್ಯಾಸ?

ಎಕ್ಸ್‌ರೇ, ಸಿಟಿ ಸ್ಕ್ಯಾನ್ ಅಥವಾ ಯಂತ್ರದಿಂದ ಹೊರಗಿನಿಂದ ಕೊಡುವ ರೇಡಿಯೇಷನ್ ಚಿಕಿತ್ಸೆಯಲ್ಲಿ, ಯಂತ್ರ ನಿಂತ ಕೂಡಲೇ ವಿಕಿರಣವೂ ನಿಲ್ಲುತ್ತದೆ. ದೇಹದಲ್ಲಿ ಏನೂ ಉಳಿಯುವುದಿಲ್ಲ. ಕೋಣೆಯಿಂದ ಹೊರಬಂದು ಮಗುವನ್ನು ಎತ್ತಿಕೊಂಡರೂ ತೊಂದರೆಯಿಲ್ಲ.

ವಿಕಿರಣಶೀಲ ಔಷಧಿಯ ವಿಷಯ ಬೇರೆ. ಅದು ದೇಹದೊಳಗೆ ಇರುವಷ್ಟು ದಿನ ವಿಕಿರಣ ಹೊರಬರುತ್ತಲೇ ಇರುತ್ತದೆ. ಮೂಳೆಯ ಸ್ಕ್ಯಾನ್‌ಗೆ ಬಳಸುವ ಟೆಕ್ನೀಷಿಯಮ್ 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಥೈರಾಯ್ಡ್ ಚಿಕಿತ್ಸೆಗೆ ಬಳಸುವ ಅಯೋಡಿನ್-131 ಅರ್ಧಕ್ಕೆ ಇಳಿಯಲು ಸುಮಾರು 8 ದಿನ ಬೇಕು. 16 ದಿನಕ್ಕೆ ಕಾಲು ಭಾಗ, 24 ದಿನಕ್ಕೆ ಎಂಟನೇ ಒಂದು ಭಾಗ ಉಳಿಯುತ್ತದೆ. ಜೊತೆಗೆ ಮೊದಲ ಎರಡು ಮೂರು ದಿನಗಳಲ್ಲಿ ಬಹುಪಾಲು ಮೂತ್ರದ ಮೂಲಕ ಹೊರಹೋಗುವುದರಿಂದ, ದೇಹದಲ್ಲಿ ಅದು ಈ ಲೆಕ್ಕಕ್ಕಿಂತ ಬೇಗ ಕಡಿಮೆಯಾಗುತ್ತದೆ.

ಔಷಧಿ ಹೇಗೆ ಕೆಲಸ ಮಾಡುತ್ತದೆ?

ಹಾರ್ಮೋನ್ ತಯಾರಿಸಲು ಥೈರಾಯ್ಡ್‌ಗೆ ಅಯೋಡಿನ್ ಬೇಕು. ರಕ್ತದಲ್ಲಿರುವ ಅಯೋಡಿನ್ ಅನ್ನು ಅದು ಹೀರಿ ಕೂಡಿಟ್ಟುಕೊಳ್ಳುತ್ತದೆ. ಸಾಮಾನ್ಯ ಅಯೋಡಿನ್ ಯಾವುದು, ವಿಕಿರಣಶೀಲ ಅಯೋಡಿನ್ ಯಾವುದು ಎಂಬ ಭೇದ ಅದಕ್ಕೆ ತಿಳಿಯುವುದಿಲ್ಲ. ಈ ಗುಣವನ್ನೇ ಬಳಸಿಕೊಂಡು 1941ರಲ್ಲಿ ಅಮೆರಿಕದ ವೈದ್ಯ ಸಾಲ್ ಹರ್ಟ್ಜ್ ಮೊದಲ ಬಾರಿಗೆ ಥೈರಾಯ್ಡ್ ರೋಗಿಗೆ ವಿಕಿರಣಶೀಲ ಅಯೋಡಿನ್ ಕೊಟ್ಟರು. ಮುಂಬೈನ ಪರೇಲ್‌ನಲ್ಲಿರುವ ರೇಡಿಯೇಷನ್ ಮೆಡಿಸಿನ್ ಸೆಂಟರ್ 1963ರಲ್ಲಿ ಆರಂಭವಾಯಿತು.

ಅಯೋಡಿನ್-131 ಎರಡು ಬಗೆಯ ವಿಕಿರಣ ಹೊರಸೂಸುತ್ತದೆ. ಬೀಟಾ ಕಣಗಳು ಒಂದೆರಡು ಮಿಲಿಮೀಟರ್‌ಗಿಂತ ದೂರ ಹೋಗುವುದಿಲ್ಲ. ಥೈರಾಯ್ಡ್ ಜೀವಕೋಶಗಳನ್ನು ನಾಶಮಾಡುವುದು ಇವೇ. ಗಾಮಾ ಕಿರಣಗಳು ದೇಹವನ್ನು ದಾಟಿ ಹೊರಬರುತ್ತವೆ. ನೀವು ಬೇರೆಯವರಿಂದ ದೂರ ಇರಬೇಕಾದದ್ದು ಮುಖ್ಯವಾಗಿ ಇವುಗಳಿಂದಾಗಿ.

ಮಕ್ಕಳ ಬಗ್ಗೆ ಇಷ್ಟು ಎಚ್ಚರ ಏಕೆ?

1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿದಾಗ ಗಾಳಿಗೆ ಸೇರಿದ್ದು ಇದೇ ಅಯೋಡಿನ್-131. ಅದು ಹುಲ್ಲಿನ ಮೇಲೆ ಬಿದ್ದು, ಹಸುವಿನ ಹಾಲಿಗೆ ಸೇರಿ, ಹಾಲು ಕುಡಿದ ಮಕ್ಕಳ ಥೈರಾಯ್ಡ್ ತಲುಪಿತು. ಮುಂದಿನ ವರ್ಷಗಳಲ್ಲಿ ಆ ಪ್ರದೇಶದ ಸಾವಿರಾರು ಮಕ್ಕಳಲ್ಲಿ ಮತ್ತು ಯುವಜನರಲ್ಲಿ ಥೈರಾಯ್ಡ್ ಕ್ಯಾನ್ಸರ್ ಕಾಣಿಸಿಕೊಂಡಿತು.

ಚಿಕಿತ್ಸೆ ಪಡೆದವರ ಮನೆಯಲ್ಲಿ ಅಂತಹ ಅಪಾಯ ಇರುವುದಿಲ್ಲ. ಆದರೆ ಪಾಠ ಒಂದೇ: ಬೆಳೆಯುವ ಥೈರಾಯ್ಡ್ ವಿಕಿರಣಕ್ಕೆ ಬೇಗ ಹಾನಿಗೊಳ್ಳುತ್ತದೆ. ರೋಗಿಗೆ ಈ ವಿಕಿರಣದಿಂದ ಲಾಭವಿದೆ, ಪಕ್ಕದಲ್ಲಿ ಮಲಗುವ ಮಗುವಿಗೆ ಯಾವ ಲಾಭವೂ ಇಲ್ಲ. ಆದ್ದರಿಂದಲೇ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರ ಇಡುತ್ತಾರೆ.

ಚಿಕಿತ್ಸೆಗೆ ಮೊದಲು

• ನೀವು ಗರ್ಭಿಣಿಯಾಗಿದ್ದರೆ ಈ ಔಷಧಿ ಕೊಡುವುದಿಲ್ಲ. ಸುಮಾರು 10-12ನೇ ವಾರದಿಂದ ಭ್ರೂಣದ ಥೈರಾಯ್ಡ್ ಕೂಡ ಅಯೋಡಿನ್ ಹೀರತೊಡಗುತ್ತದೆ, ಅದು ಶಾಶ್ವತವಾಗಿ ನಾಶವಾಗಬಹುದು. ಮುಟ್ಟು ತಡವಾಗಿದ್ದರೆ ಸಂಕೋಚಪಡದೆ ಹೇಳಿ.
• ಹಾಲೂಡಿಸುವ ತಾಯಂದಿರು 6 ವಾರದಿಂದ 3 ತಿಂಗಳು ಮೊದಲೇ ಹಾಲೂಡಿಸುವುದನ್ನು ನಿಲ್ಲಿಸಬೇಕು. ಚಿಕಿತ್ಸೆಯ ನಂತರ ಆ ಮಗುವಿಗೆ ಮತ್ತೆ ಹಾಲೂಡಿಸಬಾರದು. ಮುಂದೆ ಹುಟ್ಟುವ ಮಕ್ಕಳಿಗೆ ಊಡಿಸಬಹುದು.
• ಕ್ಯಾನ್ಸರ್ ಚಿಕಿತ್ಸೆಯಾದರೆ ಸಾಮಾನ್ಯವಾಗಿ ಒಂದೆರಡು ವಾರ ಅಯೋಡಿನ್ ಕಡಿಮೆ ಇರುವ ಆಹಾರ ಹೇಳುತ್ತಾರೆ. ಅಂಗಡಿಯ ಪ್ಯಾಕೆಟ್ ಉಪ್ಪಿನಲ್ಲಿ ಅಯೋಡಿನ್ ಇರುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್, ಹೋಟೆಲ್ ಊಟದಲ್ಲಿಯೂ ಇದೇ ಉಪ್ಪು ಇರಬಹುದು. ಸಮುದ್ರದ ಮೀನಿನಲ್ಲಿಯೂ ಅಯೋಡಿನ್ ಹೆಚ್ಚು.
• ಇತ್ತೀಚೆಗೆ ಡೈ ಕೊಟ್ಟು ಸಿಟಿ ಸ್ಕ್ಯಾನ್ ಅಥವಾ ಆಂಜಿಯೋಗ್ರಾಮ್ ಮಾಡಿದ್ದರೆ, ಹೃದಯಕ್ಕೆ ಅಮಿಯೊಡರೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಿಳಿಸಿ. ಇವುಗಳಲ್ಲಿರುವ ಅಯೋಡಿನ್ ಚಿಕಿತ್ಸೆಯನ್ನು ವಿಫಲಗೊಳಿಸಬಹುದು.
• ಥೈರಾಯ್ಡ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಯಾವಾಗ ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿ.
• ಕೊಟ್ಟ ದಿನಾಂಕ ತಪ್ಪಿಸಬೇಡಿ. ಈ ಔಷಧಿ ದಿನೇ ದಿನೇ ಶಕ್ತಿ ಕಳೆದುಕೊಳ್ಳುವುದರಿಂದ ತರಿಸಿ ಬಹಳ ದಿನ ಇಡಲು ಆಗುವುದಿಲ್ಲ.

ಆಸ್ಪತ್ರೆಯಲ್ಲಿ ಉಳಿಯಬೇಕೇ?

ಡೋಸ್ ಎಷ್ಟು ಎಂಬುದರ ಮೇಲೆ ಇದು ನಿಂತಿದೆ. ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದ್ದರೆ ಕಡಿಮೆ ಡೋಸ್ ಸಾಕಾಗುತ್ತದೆ, ಹೆಚ್ಚಿನವರು ಅಂದೇ ಮನೆಗೆ ಹೋಗುತ್ತಾರೆ. ಕ್ಯಾನ್ಸರ್‌ಗೆ ಹೆಚ್ಚಿನ ಡೋಸ್ ಬೇಕಾಗಬಹುದು. ಭಾರತದಲ್ಲಿ ಸಾಮಾನ್ಯವಾಗಿ 30 ಮಿಲಿಕ್ಯೂರಿಗಿಂತ ಹೆಚ್ಚು ಕೊಟ್ಟವರನ್ನು ಪ್ರತ್ಯೇಕ ಕೋಣೆಯಲ್ಲಿ ಇರಿಸಿ, ವಿಕಿರಣದ ಮಟ್ಟ ಅಳೆದು, ಅದು ಇಳಿದ ಮೇಲೆ ಮನೆಗೆ ಕಳಿಸುತ್ತಾರೆ.

ಮನೆಯಲ್ಲಿ ಏನು ಮಾಡಬೇಕು?

ಎಷ್ಟು ದಿನ ಎಂಬುದನ್ನು ಆಸ್ಪತ್ರೆ ಬರೆದುಕೊಡುತ್ತದೆ. ಡೋಸ್ ಮತ್ತು ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ನೋಡಿ ಕೆಲವು ದಿನಗಳಿಂದ ಸುಮಾರು ಮೂರು ವಾರದವರೆಗೆ ಆಗಬಹುದು.

• ದೂರ: ಒಂದು ಮೀಟರ್ ಬದಲು ಎರಡು ಮೀಟರ್ ದೂರದಲ್ಲಿದ್ದರೆ ತಗಲುವ ವಿಕಿರಣ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಬೇರೆ ಹಾಸಿಗೆಯಲ್ಲಿ, ಸಾಧ್ಯವಾದರೆ ಬೇರೆ ಕೋಣೆಯಲ್ಲಿ ಮಲಗಿ.
• ಸಮಯ: ಊಟ, ಔಷಧಿ ಕೊಡಲು ಸ್ವಲ್ಪ ಹೊತ್ತು ಹತ್ತಿರ ಬಂದರೆ ಹೆದರಬೇಕಾಗಿಲ್ಲ. ಗಂಟೆಗಟ್ಟಲೆ ಅಂಟಿ ಕೂರುವುದು ಬೇಡ.
• ಶೌಚಾಲಯ: ಗಂಡಸರೂ ಕುಳಿತೇ ಮೂತ್ರ ಮಾಡಲಿ. ಎರಡು ಸಲ ಫ್ಲಷ್ ಮಾಡಿ ಅಥವಾ ಚೆನ್ನಾಗಿ ನೀರು ಸುರಿಯಿರಿ. ಸೋಪಿನಿಂದ ಕೈ ತೊಳೆಯಿರಿ. ಬೆವರು, ಎಂಜಲಿನಲ್ಲಿಯೂ ಔಷಧಿಯ ಅಂಶ ಇರುವುದರಿಂದ ತಟ್ಟೆ, ಲೋಟ, ಟವೆಲ್ ಬೇರೆ ಇರಲಿ.
• ಮಲಗಿದಲ್ಲೇ ಇರುವ ರೋಗಿಯ ಮೂತ್ರ, ವಾಂತಿ ತೆಗೆಯುವವರು ಕೈಗವಸು ಹಾಕಿಕೊಳ್ಳಲಿ. ಗರ್ಭಿಣಿಯರು ಈ ಕೆಲಸ ಮಾಡಬಾರದು.

ಒಂದೇ ಕೋಣೆಯ ಮನೆಯಾದರೆ, ಸಾರ್ವಜನಿಕ ಶೌಚಾಲಯ ಬಳಸುತ್ತಿದ್ದರೆ, ಮನೆಯಲ್ಲಿ ಹಸುಗೂಸು ಇದ್ದರೆ ಚಿಕಿತ್ಸೆಗೆ ಮೊದಲೇ ಹೇಳಿ. ಮಗುವನ್ನು ಕೆಲವು ದಿನ ಅಜ್ಜಿಯ ಮನೆಗೆ ಕಳಿಸುವುದು ಸುಲಭವಾದ ದಾರಿಯಾಗಬಹುದು. ಕಲಬುರಗಿ ಅಥವಾ ವಿಜಯಪುರದಿಂದ ಮುಂಬೈ, ಹೈದರಾಬಾದ್‌ಗೆ ಬಂದು ಚಿಕಿತ್ಸೆ ಪಡೆಯುವವರು, ರಾತ್ರಿ ಬಸ್ಸಿನಲ್ಲಿ ಇನ್ನೊಬ್ಬರ ಪಕ್ಕ ಕುಳಿತು ಮರಳಬಹುದೇ ಎಂದು ಕೇಳಿಯೇ ಟಿಕೆಟ್ ಮಾಡಿಸಿ. ವಿಮಾನ ನಿಲ್ದಾಣಗಳ ವಿಕಿರಣ ಪತ್ತೆ ಯಂತ್ರ ಕೆಲವು ವಾರಗಳ ನಂತರವೂ ಸದ್ದು ಮಾಡಬಹುದು. ಆಸ್ಪತ್ರೆಯ ಪತ್ರ ಜೊತೆಗಿರಲಿ.

ಅಡ್ಡಪರಿಣಾಮಗಳು ಮತ್ತು ಮುಂದಿನ ದಿನಗಳು

ಬಾಯಿ ಒಣಗುವುದು, ರುಚಿ ಕೆಡುವುದು, ವಾಕರಿಕೆ, ದವಡೆಯ ಕೆಳಗೆ ಅಥವಾ ಕತ್ತಿನಲ್ಲಿ ನೋವು ಬರಬಹುದು. ಕೀಮೋಥೆರಪಿಯಲ್ಲಿ ಆಗುವಂತೆ ಕೂದಲು ಉದುರುವುದಿಲ್ಲ. ಹೆಚ್ಚಿನವರಿಗೆ ಮುಂದೆ ಜೀವನಪೂರ್ತಿ ದಿನಕ್ಕೊಂದು ಥೈರಾಕ್ಸಿನ್ ಮಾತ್ರೆ ಬೇಕಾಗುತ್ತದೆ, ರಕ್ತಪರೀಕ್ಷೆ ತಪ್ಪಿಸಬಾರದು. ಮಹಿಳೆಯರು ಕನಿಷ್ಠ 6 ತಿಂಗಳು ಗರ್ಭಧಾರಣೆ ಮುಂದೂಡಬೇಕು. ಗಂಡಸರು ಮಗು ಪಡೆಯಲು 3-4 ತಿಂಗಳು ಕಾಯಬೇಕು.

ತೀವ್ರ ಜ್ವರ, ಜೋರಾದ ಎದೆಬಡಿತ, ಗೊಂದಲದ ಮಾತು, ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ, ಅಯೋಡಿನ್ ಪಡೆದ ದಿನಾಂಕ ತಿಳಿಸಿ. ಕಣ್ಣು ನೋವು, ಉಬ್ಬು ಅಥವಾ ದೃಷ್ಟಿ ಎರಡಾಗಿ ಕಾಣುವುದು ಶುರುವಾದರೂ ತಡಮಾಡದೆ ವೈದ್ಯರಿಗೆ ತೋರಿಸಿ.

ಈ ಲೇಖನ ಮಾಹಿತಿಗಾಗಿ ಮಾತ್ರ. ನಿಮ್ಮ ಡೋಸ್‌ಗೆ ತಕ್ಕಂತೆ ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಕೊಟ್ಟ ಸೂಚನೆಗಳನ್ನೇ ಪಾಲಿಸಿ. ಅವು ನಿಮಗೆ ಬರದ ಭಾಷೆಯಲ್ಲಿದ್ದರೆ, ಮನೆಗೆ ಹೊರಡುವ ಮೊದಲೇ ಬಿಡಿಸಿ ಹೇಳಿಸಿಕೊಳ್ಳಿ.