ಪೈಲಟ್ ಎಲ್ಲಿ ಎಂದು ಕೇಳಿದವರಿಗೆ…

ಎರಡನೇ ಮಹಾಯುದ್ಧದ ದಿನಗಳು. ಇಂಗ್ಲೆಂಡಿನ ಒಂದು ವಾಯುನೆಲೆಗೆ ವೆಲ್ಲಿಂಗ್ಟನ್ ಎಂಬ ದೊಡ್ಡ ಬಾಂಬರ್ ವಿಮಾನ ಬಂದಿಳಿಯಿತು. ಬಾಗಿಲು ತೆರೆದು ಇಳಿದವಳು ಒಬ್ಬ ತೆಳ್ಳನೆಯ ಯುವತಿ. ನೆಲೆಯ ಸಿಬ್ಬಂದಿ ಪೈಲಟ್ ಎಲ್ಲಿ ಎಂದು ಕೇಳಿದರು. ನಾನೇ ಪೈಲಟ್ ಎಂದಳು ಆಕೆ. ಅವರು ನಂಬಲಿಲ್ಲ. ವಿಮಾನದ ಒಳಗೆಲ್ಲ ಹುಡುಕಿ, ಬೇರೆ ಯಾರೂ ಸಿಗದಿದ್ದಾಗಲೇ ಒಪ್ಪಿಕೊಂಡರು!

ಆಕೆಯ ಹೆಸರು ಮೇರಿ ವಿಲ್ಕಿನ್ಸ್. ಮದುವೆಯ ನಂತರ ಮೇರಿ ಎಲಿಸ್. ಕಾರ್ಖಾನೆಯಲ್ಲಿ ತಯಾರಾದ ವಿಮಾನಗಳನ್ನು ವಾಯುನೆಲೆಗಳಿಗೆ ತಲುಪಿಸುವುದು ಬ್ರಿಟನ್ನಿನ ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ ಎಂಬ ಸಂಸ್ಥೆಯ ಕೆಲಸ. ಅದರಲ್ಲಿ 168 ಮಹಿಳೆಯರಿದ್ದರು. ರೇಡಿಯೋ ಇಲ್ಲ, ಜೊತೆಗಾರರಿಲ್ಲ. ಕೈಯಲ್ಲೊಂದು ನಕ್ಷೆ, ಕೆಳಗೆ ಕಾಣುವ ನದಿ, ರೈಲು ಹಳಿಗಳೇ ದಾರಿ. ಮೇರಿ ಒಬ್ಬರೇ ಸುಮಾರು 1,000 ವಿಮಾನಗಳನ್ನು ತಲುಪಿಸಿದರು. ಅವುಗಳಲ್ಲಿ 400 ಸ್ಪಿಟ್‌ಫೈರ್‌ಗಳು. 1944ರ ಸೆಪ್ಟೆಂಬರ್‌ನಲ್ಲಿ ಅಂಥದ್ದೊಂದು ಸ್ಪಿಟ್‌ಫೈರ್‌ನ ಒಳಗೆ ತನ್ನ ಹೆಸರನ್ನು ಗೀಚಿಟ್ಟಿದ್ದರು. ಹುಡುಗುತನ ಅನ್ನಿ.

2017ರಲ್ಲಿ ಅವರಿಗೆ ನೂರು ವರ್ಷ ತುಂಬಿತು. ಗುಡ್‌ವುಡ್ ಎಂಬ ವಾಯುನೆಲೆಯಲ್ಲಿ ಅವರನ್ನು ಎರಡು ಆಸನಗಳ ಸ್ಪಿಟ್‌ಫೈರ್‌ಗೆ ಹತ್ತಿಸಿದರು. ಸುಮಾರು ಹದಿನೈದು ನಿಮಿಷ ಅಜ್ಜಿಯೇ ವಿಮಾನ ನಡೆಸಿದರು. ಪಕ್ಕದಲ್ಲಿ ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರದಲ್ಲಿ ಇನ್ನೊಂದು ವಿಮಾನ ಹಾರುತ್ತಿತ್ತು. ಅದು ಅವರು 1944ರಲ್ಲಿ ಹೆಸರು ಗೀಚಿದ ಅದೇ ವಿಮಾನ. ಮರುವರ್ಷ, 2018ರ ಜುಲೈಯಲ್ಲಿ ಅವರು ತೀರಿಕೊಂಡರು.

ಓದುಗ ಸಹೋದರಿಯರೇ, ಹಳೆಯ ಯುದ್ಧವಿಮಾನಗಳ ಮೇಳಗಳ ಬಗ್ಗೆ ನೀವು ಕೇಳಿರಬಹುದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓಶ್ಕೋಶ್ ಎಂಬ ಊರಿನಲ್ಲಿ ಪ್ರತಿ ಜುಲೈ ಕೊನೆಯಲ್ಲಿ ನಡೆಯುವ ಮೇಳಕ್ಕೆ ಹತ್ತು ಸಾವಿರದಷ್ಟು ವಿಮಾನಗಳು ಬರುತ್ತವೆ. ಇಂಗ್ಲೆಂಡಿನಲ್ಲಿ ಕೇಂಬ್ರಿಜ್ ಬಳಿಯ ಡಕ್ಸ್‌ಫರ್ಡ್ ಇಂಥ ಪ್ರದರ್ಶನಗಳಿಗೆ ಹೆಸರುವಾಸಿ. ಜನ ಆಕಾಶ ನೋಡಲು ಹೋಗುತ್ತಾರೆ. ಆದರೆ ಅಲ್ಲಿ ನಿಜವಾಗಿ ನೋಡಬೇಕಾದ್ದು ನೆಲದ ಮೇಲೆ, ಗಾಲಿಕುರ್ಚಿಯಲ್ಲಿ ಕುಳಿತ ಮುದುಕರನ್ನು ಮತ್ತು ಅವರ ಮುಂದೆ ಪುಸ್ತಕ ಹಿಡಿದು ಸಹಿಗಾಗಿ ನಿಂತ ಮಕ್ಕಳನ್ನು.

ಈ ಮೇಳಗಳಿಗೂ ನಮ್ಮ ಬೆಂಗಳೂರಿಗೂ ಒಂದು ನಂಟಿದೆ. ಯುದ್ಧ ಮುಗಿದಾಗ ಬ್ರಿಟಿಷರು ಲಿಬರೇಟರ್ ಎಂಬ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಕೆಡಿಸಿ ಬಿಟ್ಟು ಹೋದರು. ಆ ಗುಜರಿಯನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರಿಪೇರಿ ಮಾಡಿ ನಮ್ಮ ವಾಯುಪಡೆ 1968ರವರೆಗೆ ಬಳಸಿತು. ಅವುಗಳಲ್ಲೊಂದು ಮುಂದೆ ಅಮೆರಿಕ ಸೇರಿ, ಊರೂರು ಸುತ್ತಿ ಹಳೆಯ ಯೋಧರನ್ನು ಹೊತ್ತು ಹಾರಿತು. ತಾನು ಇಪ್ಪತ್ತರ ಹರೆಯದಲ್ಲಿ ಹಾರಿಸಿದಂಥ ವಿಮಾನವನ್ನು ಎಂಬತ್ತು ದಾಟಿದ ಮುದುಕ ಮುಟ್ಟಿ ನೋಡುವಾಗ, ಅದರ ಹಿಂದೆ ಬೆಂಗಳೂರಿನ ಫಿಟ್ಟರ್‌ಗಳ ಬೆವರಿತ್ತು ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಇನ್ನು ಅಮೆರಿಕದ ಮಹಿಳಾ ಪೈಲಟ್‌ಗಳ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ವಾಸ್ಪ್ ಎಂಬ ಈ ದಳ ಸೇರಲು 25,000ಕ್ಕೂ ಹೆಚ್ಚು ಮಹಿಳೆಯರು ಅರ್ಜಿ ಹಾಕಿದ್ದರು. ತರಬೇತಿ ಮುಗಿಸಿದವರು 1,074 ಮಂದಿ. ಟೆಕ್ಸಾಸ್‌ನ ಸ್ವೀಟ್‌ವಾಟರ್ ಎಂಬಲ್ಲಿ ತರಬೇತಿ. ಅಲ್ಲಿಗೆ ಹೋಗುವ ಖರ್ಚೂ ಅವರದೇ. ಕೆಟ್ಟು ರಿಪೇರಿಯಾದ ವಿಮಾನಗಳನ್ನು ಪರೀಕ್ಷೆಗೆ ಹಾರಿಸುವುದು, ಸೈನಿಕರು ಗುರಿ ಕಲಿಯಲೆಂದು ಬಟ್ಟೆಯ ಗುರಿಯನ್ನು ವಿಮಾನದ ಹಿಂದೆ ಎಳೆದುಕೊಂಡು ಹೋಗುವುದು ಅವರ ಕೆಲಸಗಳಲ್ಲಿ ಸೇರಿದ್ದವು. ಕೆಳಗಿನಿಂದ ಹಾರಿ ಬರುತ್ತಿದ್ದದ್ದು ನಿಜವಾದ ಗುಂಡುಗಳೇ! 38 ಮಂದಿ ಪ್ರಾಣ ಕಳೆದುಕೊಂಡರು. ಸರಕಾರದ ಲೆಕ್ಕದಲ್ಲಿ ಅವರು ಸೈನಿಕರಲ್ಲ. ಆದ್ದರಿಂದ ಶವಪೆಟ್ಟಿಗೆಯ ಮೇಲೆ ಧ್ವಜವಿಲ್ಲ, ಶವವನ್ನು ಊರಿಗೆ ಕಳಿಸುವ ಖರ್ಚಿಗೆ ಜೊತೆಗಾರ್ತಿಯರೇ ಚಂದಾ ಎತ್ತಬೇಕು. 1944ರ ಡಿಸೆಂಬರ್‌ನಲ್ಲಿ ದಳವನ್ನೇ ಮುಚ್ಚಿ ಎಲ್ಲರನ್ನೂ ಮನೆಗೆ ಕಳಿಸಲಾಯಿತು.

ಅವರು ಮನೆಗೆ ಹೋದರು. ಮದುವೆಯಾದರು, ಮಕ್ಕಳನ್ನು ಸಾಕಿದರು. ಅಮ್ಮ ಬಾಂಬರ್ ಹಾರಿಸಿದ್ದಳು ಎಂದರೆ ಹೊರಗಿನವರು ನಂಬುತ್ತಿರಲಿಲ್ಲ. 1977ರಲ್ಲಿ ಅವರಿಗೆ ಮಾಜಿ ಯೋಧರ ಸ್ಥಾನ ಸಿಕ್ಕಿತು. ದೇಶದ ಸಂಸತ್ತು ಚಿನ್ನದ ಪದಕ ಕೊಟ್ಟದ್ದು 2010ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಬಹುಪಾಲು ಮಂದಿ ಸತ್ತು ಹೋಗಿದ್ದರು.

ಎಲೈನ್ ಹಾರ್ಮನ್ ಆ ಪದಕ ಪಡೆಯಲು ಬದುಕಿದ್ದವರಲ್ಲಿ ಒಬ್ಬರು. 2015ರ ಏಪ್ರಿಲ್‌ನಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ತನ್ನನ್ನು ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಇರಿಸಬೇಕೆಂದು ಕೈಬರಹದ ಚೀಟಿ ಬರೆದಿಟ್ಟಿದ್ದರು. ಕೇಳಿದಾಗ ಅಧಿಕಾರಿಗಳು ಆಗದು ಎಂದರು. ವಾಸ್ಪ್ ಮಹಿಳೆಯರಿಗೆ ಅಲ್ಲಿ ಜಾಗವಿಲ್ಲವೆಂಬ ಆದೇಶ ಅದೇ ವರ್ಷ ಬಂದಿತ್ತಂತೆ. ಮೊಮ್ಮಗಳು ಅಜ್ಜಿಯ ಚಿತಾಭಸ್ಮವನ್ನು ತನ್ನ ಕಪಾಟಿನಲ್ಲಿಟ್ಟುಕೊಂಡಳು. ಮಗಳು, ಮೊಮ್ಮಕ್ಕಳು ಎಲ್ಲರೂ ಸೇರಿ ಸಹಿ ಸಂಗ್ರಹಿಸಿದರು, ಸಂಸದರ ಬಾಗಿಲು ತಟ್ಟಿದರು. ಕೊನೆಗೆ 2016ರ ಮೇಯಲ್ಲಿ ಹೊಸ ಕಾನೂನೇ ಬಂತು. ಸೆಪ್ಟೆಂಬರ್ 7ರಂದು, ಸೇನಾ ಗೌರವದೊಂದಿಗೆ ಅಜ್ಜಿ ಆರ್ಲಿಂಗ್ಟನ್ ಸೇರಿದರು. ಒಂದು ಚೀಟಿಗಾಗಿ ದೇಶದ ಕಾನೂನನ್ನೇ ಬದಲಿಸಿದ ಮೊಮ್ಮಕ್ಕಳು! ಹಿರಿಯರ ಕೊನೆಯ ಮಾತನ್ನು ಹೂಳಿದ ಮೂರನೇ ದಿನಕ್ಕೆ ಮರೆಯುವ ಮನೆಗಳನ್ನು ನಾನು ನೋಡಿದ್ದೇನೆ. ಅದಕ್ಕೇ ಈ ಸುದ್ದಿ ಓದಿದಾಗ ನನ್ನ ಕಣ್ಣು ತುಂಬಿತ್ತು.

ಒಂದು ಮಾತು ಮುಚ್ಚಿಡಬಾರದು. ಈ ವಿಮಾನಗಳು ಆಟಿಕೆಗಳಲ್ಲ. ಇವು ಊರುಗಳ ಮೇಲೆ ಬಾಂಬು ಸುರಿದಿವೆ, ಹೆಂಗಸರು ಮಕ್ಕಳೆನ್ನದೆ ಸುಟ್ಟಿವೆ. ಅವುಗಳ ಗರ್ಜನೆಗೆ ಚಪ್ಪಾಳೆ ತಟ್ಟುವ ಜನರನ್ನು ಕಂಡರೆ ನನಗೆ ಮುಜುಗರವಾಗುತ್ತದೆ. ಜೊತೆಗೆ ಅಪಾಯವೂ ಉಂಟು. 2019ರ ಅಕ್ಟೋಬರ್‌ನಲ್ಲಿ ಕನೆಕ್ಟಿಕಟ್‌ನಲ್ಲಿ ಪ್ರಯಾಣಿಕರಿದ್ದ ಹಳೆಯ ಬಿ-17 ಬಾಂಬರ್ ಬಿದ್ದು ಏಳು ಮಂದಿ ಸತ್ತರು. 2022ರ ನವೆಂಬರ್‌ನಲ್ಲಿ ಡಲ್ಲಾಸ್‌ನ ಪ್ರದರ್ಶನದಲ್ಲಿ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿಯಾಗಿ ಆರು ಜನ ಹೋದರು. ಇವನ್ನು ಇನ್ನು ಮ್ಯೂಸಿಯಂನಲ್ಲೇ ನಿಲ್ಲಿಸಿಬಿಡಬಾರದೇ ಎಂದು ಕೇಳುವವರಿದ್ದಾರೆ. ಕೇಳುವುದು ತಪ್ಪಲ್ಲ. ಆದರೆ ಮುದುಕರನ್ನು ಕರೆದು, ಕೂರಿಸಿ, ಏನಾಯಿತೆಂದು ಕೇಳುವ ಕೆಲಸಕ್ಕೆ ಹಾರಾಟ ಬೇಕಿಲ್ಲವಲ್ಲ? ಅದಾದರೂ ನಿಲ್ಲಬಾರದು.

ಕೇಳಲು ಸಮಯವೂ ಉಳಿದಿಲ್ಲ. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಹೋರಾಡಿದ ಸುಮಾರು 3,000 ವಾಯುಯೋಧರಲ್ಲಿ ಕೊನೆಯವರಾದ ಜಾನ್ ಹೆಮಿಂಗ್ವೇ 2025ರ ಮಾರ್ಚ್‌ನಲ್ಲಿ, 105ನೇ ವಯಸ್ಸಿನಲ್ಲಿ ಹೋದರು. ವಾಸ್ಪ್ ಅಜ್ಜಿಯರಲ್ಲಿ ಉಳಿದವರು ಬೆರಳೆಣಿಕೆಯಷ್ಟು.

ಇಂಗ್ಲೆಂಡಿನ ಓಲ್ಡ್ ವಾರ್ಡನ್ ಎಂಬ ಹಳ್ಳಿಯಲ್ಲಿ ಷಟಲ್‌ವರ್ತ್ ಸಂಗ್ರಹಾಲಯವಿದೆ. ಅಲ್ಲಿ ಲೈಸಾಂಡರ್ ಎಂಬ ಪುಟ್ಟ ವಿಮಾನವೊಂದಿದೆ. ಬೆಳದಿಂಗಳಲ್ಲಿ ಸದ್ದಿಲ್ಲದೆ ಹೊಲದಲ್ಲಿ ಇಳಿದು, ಗುಪ್ತಚರರನ್ನು ಬಿಟ್ಟು ಹಾರಿಹೋಗುತ್ತಿದ್ದ ಜಾತಿಯದು. 1943ರ ಜೂನ್‌ನಲ್ಲಿ ಇಂಥದ್ದೇ ಒಂದು ಲೈಸಾಂಡರ್ ನೂರ್ ಇನಾಯತ್ ಖಾನ್ ಎಂಬ 29ರ ಯುವತಿಯನ್ನು ಫ್ರಾನ್ಸಿನಲ್ಲಿ ಇಳಿಸಿತ್ತು. ನಮ್ಮ ಟಿಪ್ಪು ಸುಲ್ತಾನರ ವಂಶದ ಹೆಣ್ಣುಮಗಳು, ವೈರ್‌ಲೆಸ್ ಆಪರೇಟರ್. ಮರುವರ್ಷ ಸೆಪ್ಟೆಂಬರ್‌ನಲ್ಲಿ ನಾಝಿಗಳು ಆಕೆಯನ್ನು ಡಕಾವ್ ಶಿಬಿರದಲ್ಲಿ ಕೊಂದರು. ಗೋರಿಯಿಲ್ಲ. ರನ್ನಿಮೀಡ್ ಎಂಬಲ್ಲಿ ಗೋರಿ ಸಿಗದ ವಾಯುಪಡೆಯವರ ಸ್ಮಾರಕದ ಕಲ್ಲಿನಲ್ಲಿ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಸರುಗಳ ನಡುವೆ ಆಕೆಯ ಹೆಸರೂ ಇದೆ.